ಫ್ರೆಂಚ್ ರಾಕ್ಸಿನ ದಾರಿಯಲ್ಲಿ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳಿಗೇ ಹೋಗಿಬರಬೇಕೆಂದಿಲ್ಲ. ಮನೆಯ ಮದುವೆಯೊಂದರ ನೆವದಿಂದ ನಾಲ್ಕು ತಾಲ್ಲೂಕುಗಳನ್ನು ದಾಟಿ ಬಂದರೂ, ಕಣ್ಣು ಕಿವಿಗಳನ್ನು ತೆರೆದಿಟ್ಟುಕೊಂಡವರಿಗೆ ಬೇಕಾದಷ್ಟು ಬುತ್ತಿ ದೊರೆಯುತ್ತದೆ. ಕಳೆದ ವೈಶಾಖದಲ್ಲಿ ನಾವು ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರ ಕೃಷ್ಣರಾಜಪೇಟೆಗಳ ಮಾರ್ಗವಾಗಿ ನಾಗಮಂಗಲವನ್ನು ಮುಟ್ಟಿದ ಮೂರು ದಿನಗಳ ವೃತ್ತಾಂತವನ್ನು ವಾಚಕರ ಮುಂದಿಡುವುದಕ್ಕೆ ಇದೇ ನಮಗೆ ಧೈರ್ಯ.

ನಮ್ಮ ಅಕ್ಕನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಅವರ ಊರು ಕೃಷ್ಣರಾಜಪೇಟೆಯ ಸಮೀಪದ ಒಂದು ಹಳ್ಳಿ. ಚಪ್ಪರ ಹಾಕಿಯಾಗಿತ್ತು, ಲಗ್ನಪತ್ರಿಕೆಗಳನ್ನು ಹಂಚಿಯಾಗಿತ್ತು. ಆದರೆ ವಧುವಿನ ತಮ್ಮ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ತಾನು ಮದುವೆಗೆ ಬರುವುದಿಲ್ಲವೆಂದು ಹೇಳಿಕಳುಹಿಸಿದ್ದ. ಕಾರಣವೇನೆಂದರೆ ಗಿಟಾರು. ಹುಡುಗನು ಮೂವರು ಸ್ನೇಹಿತರೊಡನೆ ಸೇರಿ ರಾಕ್ ಸಂಗೀತದ ಒಂದು ಚಿಕ್ಕ ತಂಡವನ್ನು ಕಟ್ಟಿಕೊಂಡಿದ್ದಾನೆ. ಅಕ್ಕನ ಆರತಕ್ಷತೆಯಲ್ಲಿ ಒಂದೆರಡು ಹಾಡುಗಳನ್ನು ನುಡಿಸುತ್ತೇನೆಂದು ಕೇಳಿದ್ದಕ್ಕೆ ನಮ್ಮ ಭಾವನವರು, "ಎಂಟು ವರ್ಷ ನಿನಗೆ ಪಿಟೀಲು ಹೇಳಿಸಿದೆ. ನಮ್ಮ ದೇಶದ ವಿದ್ಯೆಯನ್ನು ಅಟ್ಟಕ್ಕೆ ಹಾಕಿ ಪರದೇಶದ ಗದ್ದಲವನ್ನು ತಲೆಯ ಮೇಲೆ ಹೊತ್ತಿದ್ದೀಯೆ. ಅದು ಈ ಮನೆಯ ಹೊಸಿಲು ದಾಟಕೂಡದು" ಎಂದುಬಿಟ್ಟರು. ಅಂದಿನಿಂದ ತಂದೆಮಕ್ಕಳಿಗೆ ಮಾತಿಲ್ಲ. ನಾಲ್ಕು ತಿಂಗಳು ಹೀಗೆಯೇ ಕಳೆದ ಮೇಲೆ ಅಕ್ಕ ನಮಗೆ ಫೋನು ಮಾಡಿ, "ಧಾರೆಯ ಹೊತ್ತಿಗೆ ಒಡಹುಟ್ಟಿದವನು ಪಕ್ಕದಲ್ಲಿಲ್ಲದೆ ಹೋದರೆ ಹುಡುಗಿಯ ಮನಸ್ಸು ಏನಾದೀತು? ನೀನೇ ಹೋಗಿ ಕರೆದುಕೊಂಡು ಬಾರಪ್ಪ" ಎಂದು ಅತ್ತಳು. ಹುಡುಗನು ಬಹಳ ಹೇಳಿಸಿಕೊಂಡ ಮೇಲೆ, "ಶ್ರೀರಂಗಪಟ್ಟಣದವರೆಗೆ ಬರುತ್ತೇನೆ ಮಾವ. ಮುಂದಿನದನ್ನು ಆಮೇಲೆ ನೋಡೋಣ" ಎಂದ. ಅಷ್ಟಕ್ಕೇ ಒಪ್ಪಿದೆವು.

ಪಟ್ಟಣದ ರೈಲು ನಿಲ್ದಾಣದಲ್ಲಿ ಇಳಿದವನ ಬೆನ್ನಿನ ಮೇಲೆ ಆ ಗಿಟಾರಿನ ಚೀಲ ಇದ್ದೇ ಇತ್ತು. ಕಾವೇರಿಯಲ್ಲಿ ಕಾಲು ತೊಳೆದು ರಂಗನಾಥನ ದರ್ಶನ ಮಾಡಿದೆವು. ಗಂಗರ ಸಾಮಂತನಾದ ತಿರುಮಲಯ್ಯ ಕಟ್ಟಿಸಿದನೆಂದು ಹೇಳುವ ಗುಡಿ. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಒಬ್ಬರಾದ ಮೇಲೊಬ್ಬರು ಬೆಳೆಸಿದರು. ಹೈದರನೂ ಟೀಪುವೂ ಇದಕ್ಕೆ ನಡೆದುಕೊಂಡರು. ಅಲ್ಲಿಂದ ೧೭೮೪ರ ದರಿಯಾ ದೌಲತ್ ಬಾಗಿನ ಚಿತ್ರಗಳನ್ನು ನೋಡಿಕೊಂಡು, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯ ಸಿಪಾಯಿಗಳು ಮಲಗಿರುವ ಹಳೆಯ ಗೋರಿಗಳ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಎಲ್ಲಿಯ ಸ್ವಿಟ್ಜರ್ಲೆಂಡು, ಎಲ್ಲಿಯ ಕಾವೇರಿ! ಯಾರದೋ ಕಾಳಗಕ್ಕೆ ಕೂಲಿಗೆ ಬಂದವರು ಇಲ್ಲಿನ ಮಣ್ಣಾದರು.

ಈ ಪಟ್ಟಣದ ಅತ್ಯಂತ ವಿಚಿತ್ರವಾದ ವಾದ್ಯವೊಂದು ಈಗ ಇಲ್ಲಿಲ್ಲ. ೧೭೯೯ನೆಯ ಮೇ ೪ರಂದು ಕೋಟೆ ಬಿದ್ದ ಮೇಲೆ, ಅರಮನೆಯಲ್ಲಿ ಸಂಗೀತದ ಸಾಮಗ್ರಿಗಳಿಗಾಗಿಯೇ ಮೀಸಲಾಗಿದ್ದ ಕೋಣೆಯಲ್ಲಿ, ಆಂಗ್ಲ ಸಿಪಾಯಿಯನ್ನು ಕೆಡವಿಕೊಂಡು ಕುತ್ತಿಗೆಗೆ ಬಾಯಿ ಹಾಕಿರುವ ಮರದ ಹುಲಿಯೊಂದು ಸಿಕ್ಕಿತು. ಹಿಡಿಯನ್ನು ತಿರುವಿದರೆ ಒಳಗಿನ ತಿದಿಗಳು ಆಡಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ಕೈಯೆತ್ತಿ ನರಳುತ್ತಾನೆ. ಅಷ್ಟೇ ಅಲ್ಲ, ಹುಲಿಯ ಪಕ್ಕೆಯನ್ನು ತೆರೆದರೆ ೧೮ ಗುಂಡಿಗಳುಳ್ಳ ಆರ್ಗನ್ ವಾದ್ಯವಿದೆ! ೧೮೦೮ರಿಂದ ಅದು ಲಂಡನ್ನಿನಲ್ಲಿ ಜನರ ಕಣ್ಣಿಗೆ ಬಿದ್ದಿತು. ಈಗ ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇಂಗ್ಲಿಷರ ಮೇಲೆ ಹಲ್ಲು ಕಡಿಯುವುದಕ್ಕೆ ಮಾಡಿಸಿದ ಹುಲಿಯ ಹೊಟ್ಟೆಯಲ್ಲಿಯೂ ಪಶ್ಚಿಮದ ವಾದ್ಯವೇ ಕುಳಿತಿದೆಯಲ್ಲ ಎಂದು ನಾವು ಹೇಳಿದಾಗ ಹುಡುಗನು ಆ ದಿನ ಮೊದಲ ಸಲ ನಕ್ಕ. "ಪಾಂಡವಪುರದವರೆಗೆ ಬರುತ್ತೇನೆ, ನಡೆಯಿರಿ" ಎಂದ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟೀಪು ಇವರ ಸೇವೆಯಲ್ಲಿದ್ದ ಫ್ರೆಂಚ್ ದಂಡು ಇಲ್ಲಿನ ಬಂಡೆಗಳ ಬುಡದಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಆ ಹೆಸರೇ ಓಡಾಡುತ್ತಿತ್ತು. ಪಾಂಡವರು ವನವಾಸದಲ್ಲಿ ತಾಯಿಯೊಡನೆ ಇಲ್ಲಿ ಇದ್ದರೆಂಬ ನಂಬಿಕೆಯಿಂದ ಬೆಟ್ಟ ಕುಂತಿ ಬೆಟ್ಟವಾಯಿತು, ಊರು ಪಾಂಡವಪುರವಾಯಿತು. ಕಬ್ಬಿನ ಗದ್ದೆಗಳ ನಡುವೆ ಹಾದು, ಆಲೆಮನೆಯೊಂದರಲ್ಲಿ ಬಿಸಿ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಬೆಟ್ಟದ ಅರ್ಧ ಎತ್ತರಕ್ಕೆ ಹತ್ತಿ ನೆರಳಿನಲ್ಲಿ ಕುಳಿತೆವು. "ಇದೇ ನಿಜವಾದ ರಾಕ್, ಮಾವ" ಎಂದು ಹುಡುಗನು ಬಂಡೆಯನ್ನು ತಟ್ಟಿದ. ಆಗ ನಾವು, "ಆ ಇನ್ನೊಂದು ರಾಕ್ ಎಂಬುದೇನಪ್ಪ? ನಿನ್ನ ತಂದೆ ಗದ್ದಲವೆನ್ನುತ್ತಾರೆ. ನೀನಾದರೂ ತಿಳಿಯಹೇಳು" ಎಂದೆವು. ಅವನಿಗೆ ಬೇಕಾಗಿದ್ದುದೂ ಅದೇ.

ಅವನು ಹೇಳಿದ್ದರ ಸಾರ ಇಷ್ಟು. ಇಂಗ್ಲೆಂಡಿನ ರಾಕ್ ಸಂಗೀತದ ಬೇರು ಇಂಗ್ಲೆಂಡಿನಲ್ಲಿಯೇ ಇಲ್ಲ. ಅಮೆರಿಕದ ಕರಿಯ ಜನ ಹತ್ತಿಯ ಹೊಲಗಳಲ್ಲಿ ದುಡಿದು ಬಳಲಿ ಹಾಡಿಕೊಂಡ ಬ್ಲೂಸ್ ಎಂಬ ದುಃಖದ ಪದಗಳೇ ಅದರ ತಾಯಿ. ಎರಡನೆಯ ಮಹಾಯುದ್ಧದ ತರುವಾಯ ಆ ಹಾಡುಗಳು ಗ್ರಾಮೊಫೋನ್ ತಟ್ಟೆಗಳ ಮೂಲಕ ಕಡಲು ದಾಟಿ ಬಂದುವು. ೧೯೫೬ರಲ್ಲಿ ಲಾನಿ ಡಾನಿಗನ್ ಎಂಬಾತನ ಹಾಡೊಂದು ಮನೆಮಾತಾಗಲು, ಇಂಗ್ಲೆಂಡಿನ ಬೀದಿಬೀದಿಯ ಹುಡುಗರೂ ಸ್ಕಿಫಲ್ ಎಂಬ ಹೆಸರಿನ ಮೇಳಗಳನ್ನು ಕಟ್ಟಿದರು. ವಾದ್ಯ ಕೊಳ್ಳಲು ಹಣವೆಲ್ಲಿ? ಅಮ್ಮಂದಿರು ಬಟ್ಟೆ ಒಗೆಯುವ ಗೆರೆಹಲಗೆಯನ್ನು ಉಗುರುಬಿಲ್ಲೆಗಳಿಂದ ಗೀರಿದರೆ ಅದೇ ತಾಳ. ಚಹಾದ ಖಾಲಿ ಪೆಟ್ಟಿಗೆಗೆ ಕೋಲು ನೆಟ್ಟು ದಾರ ಬಿಗಿದರೆ ಅದೇ ಮಂದ್ರದ ತಂತಿ. "ಚಹಾದ ಪೆಟ್ಟಿಗೆಯೋ? ಹಾಗಾದರೆ ಒಂದೆರಡು ಪೆಟ್ಟಿಗೆಗಳಾದರೂ ನಮ್ಮ ಕಡೆಯ ತೋಟಗಳಿಂದ ಹೋದುವೇ ಇರಬೇಕು" ಎಂದು ನಾವು ತಮಾಷೆ ಮಾಡಿದೆವು. ಮುಂದೆ ಜಗತ್ತನ್ನೆಲ್ಲ ಆಳಿದ ಬೀಟಲ್ಸ್ ತಂಡದ ಹುಡುಗರೂ ಮೊದಲು ಇಂಥ ಸ್ಕಿಫಲ್ ಮೇಳದಿಂದಲೇ ಹೊರಟರಂತೆ.

"ಬೀಟಲ್ಸಿನ ಹೆಸರನ್ನು ನಾವೂ ಕೇಳಿದ್ದೇವೆ. ಅವರ ಹಾಡುಗಳೇನು ನೀನು ನುಡಿಸುವುದು?"

"ಇಲ್ಲ ಮಾವ. ನನಗೆ ಹೆಸರು ಬಾರದ ತಂಡಗಳೆಂದರೆ ಹೆಚ್ಚು ಪ್ರೀತಿ" ಎಂದು ತನ್ನ ಫೋನಿನಲ್ಲಿ ಒಂದು ತಂಡದ ವಾದನವನ್ನು ಹಾಕಿದ. ಥರ್ಡ್ ಇಯರ್ ಬ್ಯಾಂಡ್ ಎಂದು ಅದರ ಹೆಸರು. ೧೯೬೯ರಲ್ಲಿ ಲಂಡನ್ನಿನಲ್ಲಿ ಅವರ ಮೊದಲ ತಟ್ಟೆ ಹೊರಬಿದ್ದಿತು. ಅದರಲ್ಲಿ ಅಬ್ಬರವೇ ಇಲ್ಲ. ಒಂದೇ ಶ್ರುತಿಯ ಮೇಲೆ ಪಿಟೀಲಿನ ಜಾತಿಯ ವಾದ್ಯಗಳು ಮೊರೆಯುತ್ತವೆ, ಕೈಯಿಂದ ಬಾರಿಸುವ ಮದ್ದಳೆಯಂಥದೊಂದು ಮೆಲ್ಲಗೆ ನಡೆಯುತ್ತದೆ, ಅದರ ಮೇಲೆ ಓಬೋ ಎಂಬ ಊದುವ ವಾದ್ಯ ಎಳೆಎಳೆಯಾಗಿ ಸಂಚರಿಸುತ್ತದೆ. ಓಬೋ ಎಂಬುದು ನಮ್ಮ ನಾಗಸ್ವರದಂತೆಯೇ ಎರಡು ಪದರದ ಪೀಪಿಯನ್ನು ತುಟಿಗಿಟ್ಟು ಊದುವ ವಾದ್ಯ. ಕಣ್ಣು ಮುಚ್ಚಿದರೆ ದೂರದ ಗುಡಿಯ ಓಲಗವೇ ಗಾಳಿಯಲ್ಲಿ ಬಂದ ಹಾಗಾಯಿತು. ನಮ್ಮ ರಾಗಾಲಾಪನೆಯನ್ನು ಕೇಳಿ ಕೇಳಿ ಅವರು ಈ ದಾರಿಯನ್ನು ಹಿಡಿದರಂತೆ. ಅದೇ ವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರ ದೊಡ್ಡ ಕಚೇರಿಗೆ ಮೊದಲು ಇವರೂ ನುಡಿಸಿದರು. ಆದರೆ ಇವರ ಹೆಸರು ಉಳಿದದ್ದು ಕೆಲವರ ಮನೆಗಳಲ್ಲಿ ಮಾತ್ರ.

ಇನ್ನೂ ಕೆಲವು ಸಂಗತಿಗಳನ್ನು ಹೇಳಿದ. ೧೯೬೫ರಲ್ಲಿ ಕಿಂಕ್ಸ್ ಎಂಬ ತಂಡದ ರೇ ಡೇವಿಸ್ ಆಸ್ಟ್ರೇಲಿಯಾಕ್ಕೆ ಹೋಗುವ ಮಾರ್ಗದಲ್ಲಿ ಮುಂಬಯಿಯಲ್ಲಿ ತಂಗಿದ್ದಾಗ, ನಸುಕಿನಲ್ಲಿ ಬಲೆ ಹೊತ್ತು ಹೋಗುತ್ತಿದ್ದ ಬೆಸ್ತರ ಹಾಡು ಕಿವಿಗೆ ಬಿದ್ದು, ಅದರ ನೆನಪಿನಿಂದಲೇ ಒಂದು ಹಾಡನ್ನು ಕಟ್ಟಿದ. ಫೇರ್‌ಪೋರ್ಟ್ ಕನ್ವೆನ್ಷನ್ ಎಂಬವರು ೧೯೬೯ರಲ್ಲಿ ತಮ್ಮ ನಾಡಿನ ಹಳೆಯ ಲಾವಣಿಗಳನ್ನೇ ವಿದ್ಯುತ್ತಿನ ಗಿಟಾರುಗಳಿಗೆ ಅಳವಡಿಸಿದರು. ಪೆಂಟಾಂಗಲ್ ಎಂಬವರು ಜನಪದ ಗೀತಕ್ಕೆ ಸಿತಾರಿನ ನಾದವನ್ನು ಕೂಡಿಸಿದರು. ಕ್ವಿಂಟೆಸೆನ್ಸ್ ಎಂಬ ಮತ್ತೊಂದು ತಂಡದಲ್ಲಿ ಹಾಡುವವನ ಹೆಸರು ಶಿವ, ಕೊಳಲಿನವನ ಹೆಸರು ರಾಜಾ ರಾಮ್. ಇಬ್ಬರೂ ಆಸ್ಟ್ರೇಲಿಯಾದಿಂದ ಬಂದವರು!

ಇಲ್ಲಿ ನಮಗೆ ಒಂದು ಸಂದೇಹ ಬಂದಿತು. "ಹೆಸರು ಬದಲಾಯಿಸಿಕೊಂಡು ಶಿವ ಶಿವ ಎಂದ ಮಾತ್ರಕ್ಕೆ ಆಯಿತೇ? ಅದು ವೇಷವಲ್ಲವೆ?" ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲವರದು ವೇಷವೇ ಮಾವ, ಇಲ್ಲವೆನ್ನುವುದಿಲ್ಲ. ದೊಡ್ಡ ತಂಡಗಳಲ್ಲಿ ಅದು ಮೆರುಗಿನಡಿ ಮುಚ್ಚಿಹೋಗುತ್ತದೆ. ಈ ಚಿಕ್ಕವರ ಹಾಡಿನಲ್ಲಿ ಬೆಸುಗೆ ಕಣ್ಣಿಗೆ ಕಾಣುತ್ತದೆ. ಯಾವುದು ಎಲ್ಲಿಂದ ಬಂತು, ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ, ಎಲ್ಲ ತಿಳಿಯುತ್ತದೆ. ನಾನು ಕಲಿಯುವುದು ಅಲ್ಲಿಂದಲೇ. ಆದರೆ ನನ್ನದೂ ವೇಷವೆಂದೇ ಅಪ್ಪನ ಎಣಿಕೆ" ಎಂದ. ಕೊನೆಯ ಮಾತಿಗೆ ಅವನ ಗಂಟಲು ಕಟ್ಟಿತು. ಜಗಳ ಗಿಟಾರಿನದಲ್ಲವೆಂಬುದು ನಮಗೆ ಆಗ ತಿಳಿಯಿತು. ಬಿಸಿಲಿಳಿದು ಬೆಟ್ಟದಿಂದ ಇಳಿದಾಗ ಅವನು ಹಿಂದಿರುಗುವ ಮಾತನ್ನೆತ್ತಲಿಲ್ಲ, ನಾವೂ ಕೇಳಲಿಲ್ಲ.

ಕೃಷ್ಣರಾಜಪೇಟೆಯನ್ನು ಸೇರುವ ಮುನ್ನ ಹೊಸಹೊಳಲಿನಲ್ಲಿ ಇಳಿದೆವು. ಅಲ್ಲಿನ ಲಕ್ಷ್ಮೀನಾರಾಯಣನ ಗುಡಿ ಹದಿಮೂರನೆಯ ಶತಮಾನದ ಹೊಯ್ಸಳ ಕೆಲಸ. ಬಳಪದ ಕಲ್ಲಿನಲ್ಲಿ ಆನೆ, ಕುದುರೆ, ಬಳ್ಳಿ, ರಾಮಾಯಣ, ಮಹಾಭಾರತಗಳು ಸಾಲುಸಾಲಾಗಿ ಗೋಡೆಯನ್ನು ಸುತ್ತಿಕೊಂಡು ಹೋಗಿವೆ. ದಕ್ಷಿಣದ ದ್ರಾವಿಡ ಪದ್ಧತಿಗೂ ಉತ್ತರದ ನಾಗರ ಪದ್ಧತಿಗೂ ಕನ್ನಡ ನಾಡಿನಲ್ಲಿ ನಂಟು ಬೆಳೆದು ಹುಟ್ಟಿದ ಶಿಲ್ಪವಿದು. ಇಂದು ಇದನ್ನು ನೋಡಿ ಯಾರೂ ಎರವಲಿನ ಮಾಲೆನ್ನುವುದಿಲ್ಲ. ನಮ್ಮದು ಎಂದು ಎದೆಯುಬ್ಬಿಸುತ್ತೇವೆ.

ಮದುವೆಯ ಮನೆಯಲ್ಲಿ ಅಕ್ಕನಿಗೂ ವಧುವಿಗೂ ಆದ ಸಂತೋಷವನ್ನು ಬರೆಯಬೇಕಾಗಿಲ್ಲ. ಭಾವನವರು ಮಗನನ್ನು ನೋಡಿ, "ಊಟವಾಯಿತೇ ಎಂದು ಕೇಳು ಅವನನ್ನು" ಎಂದು ಹೆಂಡತಿಗೆ ಹೇಳಿ ಒಳಗೆ ಹೋದರು. ಗಿಟಾರು ಹೊಸಿಲಿನಾಚೆ ಜಗಲಿಯ ಮೂಲೆಯಲ್ಲಿಯೇ ಉಳಿಯಿತು.

ಸಂಜೆ ಬೀಗರನ್ನು ಎದುರುಗೊಳ್ಳುವುದಕ್ಕೆ ಬ್ಯಾಂಡ್ ಸೆಟ್ಟಿನವರು ಬಂದರು. ಮುಂದೆ ಕ್ಲಾರಿಯೊನೆಟ್ಟಿನ ಮುದುಕರು, ಅವರ ಹಿಂದೆ ತುತ್ತೂರಿ, ಸ್ಯಾಕ್ಸೋಫೋನು, ದೊಡ್ಡ ಡ್ರಮ್ಮು, ಜೊತೆಗೆ ಊರಿನ ತಮಟೆಯವರು. ಮೊದಲು ಗಣಪತಿಯ ಮೇಲಣ ಕೀರ್ತನೆ, ಆಮೇಲೆ ರಾಜ್‌ಕುಮಾರರ ಚಿತ್ರದ ಹಾಡು. ಭಾವನವರು ತಲೆದೂಗುತ್ತ, "ನೋಡಿ, ಇದು ನಮ್ಮ ಸಂಪ್ರದಾಯ" ಎಂದರು. ನಾವು ಇದೇ ಸಮಯವೆಂದು, "ಭಾವ, ಆ ಕ್ಲಾರಿಯೊನೆಟ್ಟು ಹುಟ್ಟಿದ್ದು ಜರ್ಮನಿಯಲ್ಲಿ, ಸ್ಯಾಕ್ಸೋಫೋನನ್ನು ಮಾಡಿದವನು ಬೆಲ್ಜಿಯಮ್ಮಿನ ಸ್ಯಾಕ್ಸ್ ಎಂಬುವನು, ಆ ಡ್ರಮ್ಮು ದಂಡಿನ ಜೊತೆಯಲ್ಲಿ ಬಂದದ್ದು" ಎಂದೆವು. ಅವರು ನಮ್ಮನ್ನು ಒಂದು ಬಗೆಯಾಗಿ ನೋಡಿದರು.

ಅವರಿಗೆ ಹೇಳಿದುದನ್ನೇ ವಾಚಕರಿಗೂ ಹೇಳುತ್ತೇವೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಬಳಿ ಮಣಲಿಯಲ್ಲಿದ್ದ ಕಾಲದಲ್ಲಿ ಕೋಟೆಯ ಇಂಗ್ಲಿಷ್ ಬ್ಯಾಂಡಿನವರು ನುಡಿಸುವುದನ್ನು ಕೇಳಿದರು. ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ದೇವರ ಸ್ತುತಿಗಳನ್ನು ಹೊಂದಿಸಿದರು. ನೋಟ್ಟುಸ್ವರ ಎಂಬ ಹೆಸರಿನಿಂದ ಅಂಥವು ಸುಮಾರು ೪೦ ಉಳಿದಿವೆ. ಇಂಗ್ಲೆಂಡಿನ ರಾಜಗೀತದ ಮಟ್ಟಿಗೂ ಒಂದು ಸ್ತುತಿಯಿದೆ. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದೇ ಬಗೆಯ ಸಹವಾಸದಿಂದ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಅಂದಮೇಲೆ ಭಾವನವರು ಮಗನಿಗೆ ಎಂಟು ವರ್ಷ ಹೇಳಿಸಿದ "ನಮ್ಮ ದೇಶದ ವಿದ್ಯೆ"ಯ ಪೆಟ್ಟಿಗೆಯೂ ಹಡಗಿನಲ್ಲಿಯೇ ಬಂದಿಳಿದದ್ದು! ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ೯೪ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರೇ ಲಂಡನ್ನಿನ ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾಗಿದ್ದು, ರಷ್ಯದ ಮೆಡ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ತಟ್ಟೆಗೆ ತುಂಬಿಸುವುದಕ್ಕೆ ಹಣ ಕೊಟ್ಟವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತ ಹುಡುಗನೊಬ್ಬನೇ ಮುಂದೆ ಕದ್ರಿ ಗೋಪಾಲನಾಥರಾಗಿ ಅದರಲ್ಲಿ ಕಲ್ಯಾಣಿ ತೋಡಿಗಳನ್ನು ನುಡಿಸಿದರು. ಇತ್ತಲಾಗಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿನೊಡನೆ ಹಾಡಿ, ೨೦೧೧ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ಹಬ್ಬದ ವೇದಿಕೆಯನ್ನು ಹತ್ತಿದರು. ಕೊಟ್ಟವರಾರು, ಕೊಂಡವರಾರು ಎಂದು ಲೆಕ್ಕವಿಟ್ಟು ಮುಗಿಸುವುದು ಸಾಧ್ಯವಲ್ಲ.

ಭಾವನವರು ಎಲ್ಲವನ್ನೂ ಕೇಳಿ, "ದೀಕ್ಷಿತರು ತಂದರು, ಸರಿ. ಅವರಿಗೆ ಮನೆಯಲ್ಲಿ ಇದ್ದುದೆಲ್ಲ ತಿಳಿದಿತ್ತು. ಇವನು ಇದ್ದುದನ್ನು ಬಿಟ್ಟು ಹೋದನಲ್ಲ, ಅದು ನನ್ನ ದುಃಖ" ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದು ಸುಲಭವಾಗಿ ತಳ್ಳಿಹಾಕುವ ಮಾತೂ ಅಲ್ಲ.

ಧಾರೆ ಸಾಂಗವಾಗಿ ನಡೆಯಿತು. ಹುಡುಗನು ಅಕ್ಕನ ಪಕ್ಕದಲ್ಲಿ ನಿಂತು ಮಾಡಬೇಕಾದುದನ್ನೆಲ್ಲ ಮಾಡಿದ. ಆರತಕ್ಷತೆಯಲ್ಲಿ ಗಿಟಾರಿನ ಮಾತೇ ಏಳಲಿಲ್ಲ. ರಾತ್ರಿ ನೆಂಟರೆಲ್ಲ ಮಲಗಲು ಹೋದ ಮೇಲೆ ಕ್ಲಾರಿಯೊನೆಟ್ಟಿನ ಮುದುಕರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ, ಮೂಲೆಯ ಚೀಲವನ್ನು ನೋಡಿ, "ಅದೇನು ಸ್ವಾಮಿ, ಬಿಚ್ಚಿ ತೋರ್ಸಿ. ನಮ್ಮಪ್ಪನ ಕಾಲದಲ್ಲಿ ನಮ್ಮದು ಬರೀ ಓಲಗ. ನಾನು ಇದನ್ನ ಹಿಡಿದಾಗ ನಮ್ಮಪ್ಪ ಒಂದು ವರ್ಷ ನನ್ನ ಕೈಲಿ ಮಾತಾಡಲಿಲ್ಲ" ಎಂದರು. ಹುಡುಗನು ಬೆರಗಾಗಿ, "ಆಮೇಲೆ?" ಎಂದ. "ಆಮೇಲೇನು? ಅಪ್ಪ ಊದ್ತಿದ್ದ ರಾಗಗಳನ್ನೇ ಇದರಲ್ಲಿ ಊದಿದೆ. ಅವ್ನೇ ಬಂದು ಪಕ್ಕದಲ್ಲಿ ಕೂತ್ಕೊಂಡ."

ಅಷ್ಟರಲ್ಲಿ ಅಕ್ಕ ಬಂದು ಕುಳಿತು, ಕೆ. ಎಸ್. ನರಸಿಂಹಸ್ವಾಮಿಯವರ ಒಂದು ಗೀತವನ್ನು ಗುನುಗಿದಳು. ಆ ಕವಿಗಳು ೧೯೧೫ರಲ್ಲಿ ಹುಟ್ಟಿದ ಕಿಕ್ಕೇರಿ ಇದೇ ತಾಲ್ಲೂಕಿನದು. ೧೯೪೨ರಲ್ಲಿ ಅವರ "ಮೈಸೂರ ಮಲ್ಲಿಗೆ" ಹೊರಬಂದ ಮೇಲೆ ಈ ಕಡೆಯ ಮದುವೆಗಳಲ್ಲಿ ಅದರ ಹಾಡಿಲ್ಲದೆ ರಾತ್ರಿ ಕಳೆಯುವುದಿಲ್ಲ. ಹುಡುಗನು ಮೆಲ್ಲನೆ ಗಿಟಾರನ್ನು ಮಡಿಲಿಗೆಳೆದುಕೊಂಡು ತಾಯಿಯ ದನಿಯ ಕೆಳಗೆ ತಂತಿಗಳನ್ನು ಮೀಟತೊಡಗಿದ. ಮುದುಕರು ಕ್ಲಾರಿಯೊನೆಟ್ಟನ್ನು ತುಟಿಗಿಟ್ಟು ಉಸಿರಿನಷ್ಟೇ ಸಣ್ಣಗೆ ಸೇರಿಸಿದರು. ಅಬ್ಬರವಿಲ್ಲ, ಗದ್ದಲವಿಲ್ಲ. ಎರಡನೆಯ ಚರಣಕ್ಕೆ ಬಂದಾಗ ಒಳಗಿನ ಕತ್ತಲೆಯಿಂದ ಭಾವನವರ ದನಿ ಕೇಳಿಸಿತು: "ಒಂದು ತಂತಿ ಇಳಿದಿದೆ. ಏರಿಸು."

ಎಲ್ಲರೂ ಸುಮ್ಮನಾದೆವು. ನಾಲ್ಕು ತಿಂಗಳ ಮೇಲೆ ತಂದೆ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಹುಡುಗನು ಕಿವಿಗೊಟ್ಟು ನೋಡಿ, "ಹೌದು ಅಪ್ಪ" ಎಂದು ತಂತಿಯನ್ನು ಬಿಗಿದ. ಹಾಡು ಮುಂದುವರಿಯಿತು. ಭಾವನವರು ಹೊರಗೆ ಬಂದು ಹೊಸಿಲಿನ ಮೇಲೆಯೇ ಕುಳಿತರು.

ಮರುದಿನ ನಾಗಮಂಗಲಕ್ಕೆ ಹೊರಟಾಗ ಕಾರಿನಲ್ಲಿ ನಾವು ಮೂವರೂ ಇದ್ದೆವು. ಊರ ಗುಡಿಗೆ ಒಪ್ಪಿಸುತ್ತೇವೆಂದು ಅಕ್ಕ ಹರಕೆ ಹೊತ್ತಿದ್ದ ಗಂಟೆಯೊಂದನ್ನು ಅಲ್ಲಿ ಮಾಡಲು ಹೇಳಿದ್ದರು. ನಾಗಮಂಗಲ ಹಿಂದಿನಿಂದಲೂ ಹಿತ್ತಾಳೆ ಕಂಚುಗಳ ಕೆಲಸಕ್ಕೆ ಹೆಸರಾದ ಊರು. ಹೊಯ್ಸಳರ ಕಾಲದ ಸೌಮ್ಯಕೇಶವನಿಗೆ ಕೈಮುಗಿದು ಕಂಚುಗಾರರ ಮನೆಗೆ ಹೋದೆವು. ಗಂಟೆಯನ್ನು ತೂಗುಹಾಕಿ ಬಡಿದಾಗ ಅದರ ನಾದ ಬಹಳ ಹೊತ್ತು ನಿಂತಿತು. ಭಾವನವರು, "ಇದಕ್ಕೆ ಹಾಕುವುದೇನು?" ಎಂದು ಕೇಳಿದರು. ಹತ್ತು ಪಾಲಿನಲ್ಲಿ ಸುಮಾರು ಎಂಟು ಪಾಲು ತಾಮ್ರ, ಎರಡು ಪಾಲು ತವರ ಎಂದು ಕಂಚುಗಾರರು ಹೇಳಿದರು. ಬರಿಯ ತಾಮ್ರದಲ್ಲಿ ಎರಕ ಹೊಯ್ದರೆ ದನಿ ಮಂದವಾಗುತ್ತದೆ. ತವರ ಮಿತಿಮೀರಿದರೆ ಗಂಟೆ ಬಿರಿಯುತ್ತದೆ. ಎರಡೂ ಒಂದೇ ಕೋವೆಯಲ್ಲಿ ಕರಗಿ ಸೇರಬೇಕು. ಮೇಲೆ ಲೇಪ ಹಚ್ಚಿದರೆ ಸಾಗದು.

ಭಾವನವರು ಗಂಟೆಯ ಅಂಚಿನ ಮೇಲೆ ಬೆರಳಿಟ್ಟು ನಾದವಡಗುವವರೆಗೆ ನಿಂತಿದ್ದರು. ಹಣ ಕೊಟ್ಟು ಹೊರಗೆ ಬಂದ ಮೇಲೆ ಮಗನ ಕಡೆ ತಿರುಗಿ, "ಪಿಟೀಲಿನ ತಂತಿಗಳೆಲ್ಲ ತುಕ್ಕು ಹಿಡಿದಿವೆ. ಮುಂದಿನ ಸಲ ಬರುವಾಗ ಬೆಂಗಳೂರಿನಿಂದ ಒಂದು ಜೊತೆ ತೆಗೆದುಕೊಂಡು ಬಾ. ಎರಡನ್ನೂ ತೆಗೆದುಕೊಂಡು ಬಾ" ಎಂದರು. ಎರಡನ್ನೂ ಎಂದರೆ ಯಾವುದೆಂದು ಹುಡುಗನು ಕೇಳಲಿಲ್ಲ. ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಪೀಠದಲ್ಲಿ ಕುಳಿತ; ಹಳ್ಳದಲ್ಲಿ ಕಾರು ಕುಲುಕಿದಾಗಲೆಲ್ಲ ಅದು ಒಂದು ಸಲ ಟಿಣ್ ಎನ್ನುತ್ತಿತ್ತು.